ಎಚ್‌ಐವಿ ಅಧ್ಯಯನಕ್ಕೆ ಸಮುದಾಯ ಸಲಹಾ ಮಂಡಳಿ ಕಟ್ಟುವುದು ಹೇಗೆ? ಎಥಿಕ್ಸ್ ಕಮಿಟಿ ಫೈಲ್ ವಾಪಸ್ ಕಳಿಸಿದೆ

ಬಿಸಿಲನಾಡು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಲೈಂಗಿಕ ಕಾರ್ಯಕರ್ತೆಯರ ಜೊತೆ ಒಂದು ಅಧ್ಯಯನ ಮಾಡಬೇಕಿದೆ. ಪ್ರೆಪ್ ಮಾತ್ರೆ, ಅಂದರೆ ಎಚ್‌ಐವಿ ಇಲ್ಲದವರು ಸೋಂಕು ತಗುಲದಿರಲಿ ಎಂದು ದಿನಾ ನುಂಗುವ ಮಾತ್ರೆ, ಅವರಿಗೆ ಬೇಕಾ, ಬೇಕಿದ್ದರೆ ಎಲ್ಲಿ ಯಾರ ಕೈಯಿಂದ ಸಿಗಬೇಕು ಎನ್ನುವುದು ವಿಷಯ. 300 ಜನರಿಗೆ ಪ್ರಶ್ನಾವಳಿ, 30 ಜನರ ಜೊತೆ ದೀರ್ಘ ಸಂದರ್ಶನ, ಇಷ್ಟಪಟ್ಟವರಿಗೆ ಬೆರಳು ಚುಚ್ಚಿ ಎಚ್‌ಐವಿ ಪರೀಕ್ಷೆ. ಮಾತ್ರೆಯನ್ನು ನಾವು ಕೊಡುವುದಿಲ್ಲ.

ಅಧ್ಯಯನದ ಯೋಜನಾ ದಾಖಲೆಯಾದ ಪ್ರೋಟೋಕಾಲ್‌ನಲ್ಲಿ "ಸ್ಥಳೀಯ ಸ್ವಯಂಸೇವಾ ಸಂಸ್ಥೆಯ ಸಹಕಾರದೊಂದಿಗೆ ಜಾಗೃತಿ ಸಭೆ ನಡೆಸಲಾಗುವುದು" ಎಂದು ಬರೆದಿದ್ದೆವು. ಇದು ಸಮುದಾಯದ ಸಹಭಾಗಿತ್ವ ಆಗುವುದಿಲ್ಲ, ಯೋಜನೆ ಬರೆದು ತನ್ನಿ ಅಂತ ಸಂಶೋಧನೆಯಿಂದ ಜನರಿಗೆ ತೊಂದರೆಯಾಗದಂತೆ ನೋಡುವ ಎಥಿಕ್ಸ್ ಕಮಿಟಿಯವರು ಹೇಳಿದ್ದಾರೆ. ಆರು ವಾರ ಸಮಯ ಇದೆ. ಸಲಹಾ ಮಂಡಳಿಯಲ್ಲಿ ಯಾರು ಇರಬೇಕು, ಎಷ್ಟು ಜನ, ಅವರ ಮುಂದೆ ಏನನ್ನು ಇಡಬೇಕು, ದುಡ್ಡು ಕೊಡಬಹುದಾ, ಒಪ್ಪಿಗೆ ಪತ್ರದಲ್ಲಿ ಏನು ಎಡವಟ್ಟಾಗುತ್ತದೆ? ಫೀಲ್ಡ್‌ನಲ್ಲಿ ಮಾಡಿದವರು ದಯವಿಟ್ಟು ಬಿಡಿಸಿ ಹೇಳಿ.

---

ಫೀಲ್ಡ್ ಡೈರಿ ಉತ್ತರ:

ಕಮಿಟಿ ವಾಪಸ್ ಕಳಿಸಿದ್ದು ಒಳ್ಳೆಯದೇ ಆಯಿತು. ಜಾಗೃತಿ ಸಭೆ ಅಂದರೆ ನೀವು ಹೇಳುವುದು, ಅವರು ಕೇಳುವುದು. ಸಲಹಾ ಮಂಡಳಿ ಅಂದರೆ ಅವರು ಹೇಳಿದ್ದಕ್ಕೆ ನಿಮ್ಮ ಪ್ರಶ್ನಾವಳಿ ಬದಲಾಗಬೇಕು. ಬದಲಾಗಲು ಜಾಗವೇ ಇಲ್ಲದಂತೆ ಎಲ್ಲ ಮುಗಿಸಿಕೊಂಡು ಹೋದರೆ ಆ ಹೆಂಗಸರಿಗೆ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ. ಆಮೇಲೆ ಚಹಾ ಕುಡಿದು ತಲೆಯಾಡಿಸಿ ಎದ್ದು ಹೋಗುತ್ತಾರೆ.

ಈ ಪ್ರೆಪ್ ಮಾತ್ರೆಯ ಕಥೆಯಲ್ಲೇ ಇದಕ್ಕೆ ಉದಾಹರಣೆ ಇದೆ. ಆ ಮಾತ್ರೆಯ ಔಷಧವಾದ ಟೆನೊಫೊವಿರ್ ಸೋಂಕು ತಡೆಯುತ್ತದಾ ಎಂದು ನೋಡಲು ಕಾಂಬೋಡಿಯಾದಲ್ಲಿ ಲೈಂಗಿಕ ಕಾರ್ಯಕರ್ತೆಯರ ಮೇಲೆ ಟ್ರಯಲ್ ಯೋಜಿಸಿದ್ದರು. ಮುಂದೆ ಅಡ್ಡ ಪರಿಣಾಮ ಬಂದರೆ ನಮಗೆ ದೀರ್ಘಾವಧಿ ವಿಮೆ ಇರಬೇಕು ಎಂದು ಅಲ್ಲಿನ ಮಹಿಳೆಯರ ಸಂಘಟನೆ ಕೇಳಿತು. ಸರಿಯಾದ ಉತ್ತರ ಸಿಗಲಿಲ್ಲ, 2004ರಲ್ಲಿ ಸರ್ಕಾರವೇ ಅದನ್ನು ನಿಲ್ಲಿಸಿತು. ಮರುವರ್ಷ ಕ್ಯಾಮರೂನ್‌ನಲ್ಲೂ ಅದೇ ಮಾತ್ರೆಯ ಟ್ರಯಲ್ ಸ್ಥಗಿತಗೊಂಡಿತು. ಟ್ರಯಲ್ ನಡುವೆ ಸೋಂಕು ತಗುಲಿದವರ ಚಿಕಿತ್ಸೆ ಯಾರ ಹೊಣೆ ಎಂಬುದು ಅಲ್ಲಿನ ದೊಡ್ಡ ಜಗಳ. ಮಾತ್ರೆ ಕೆಟ್ಟದ್ದೇನಲ್ಲ. 2012ರಲ್ಲಿ ಅಮೆರಿಕದಲ್ಲಿ ಟೆನೊಫೊವಿರ್, ಎಮ್ಟ್ರಿಸಿಟಬಿನ್ ಸೇರಿದ ಮಾತ್ರೆಗೆ ಇದೇ ಉಪಯೋಗಕ್ಕಾಗಿ ಅನುಮತಿ ಸಿಕ್ಕಿತು. ಕೆಟ್ಟದ್ದು ಮಾತುಕತೆ. ಆ ಪೆಟ್ಟಿನ ನಂತರವೇ ವಿಶ್ವಸಂಸ್ಥೆಯ ಯುಎನ್‌ಏಡ್ಸ್ ಮತ್ತು ಎಚ್‌ಐವಿ ತಡೆಗೆ ದುಡಿಯುವ ಏವ್ಯಾಕ್ ಸಂಸ್ಥೆ ಸೇರಿ 2007ರಲ್ಲಿ ಸಹಭಾಗಿತ್ವದ ಮಾರ್ಗಸೂಚಿ ತಂದದ್ದು. 2011ರ ಎರಡನೇ ಆವೃತ್ತಿಯನ್ನು ಓದಿಕೊಳ್ಳಿ, ನಿಮ್ಮ ಯೋಜನೆಗೆ ಬೇಕಾದ ಶೀರ್ಷಿಕೆಗಳೆಲ್ಲ ಅದರಲ್ಲಿ ಸಿಗುತ್ತವೆ.

ಮನೆಯ ಹತ್ತಿರದ ಉದಾಹರಣೆ ಮೈಸೂರಿನ ಆಶೋದಯ ಸಮಿತಿ. ಲೈಂಗಿಕ ಕಾರ್ಯಕರ್ತೆಯರದೇ ಸಂಸ್ಥೆ. ಅವರು ಮತ್ತು ಕೋಲ್ಕತ್ತದ ದುರ್ಬಾರ್ ಮಹಿಳಾ ಸಮನ್ವಯ ಸಮಿತಿ ಪ್ರೆಪ್ ಯೋಜನೆಯನ್ನು ತಾವೇ ನಡೆಸಿದರು. ಮೊದಲು ಮಾತ್ರೆ ನಮಗೆ ಬೇಕಾ ಎಂದು ತಮ್ಮೊಳಗೇ ಚರ್ಚೆ, ಆಮೇಲೆ ಮಾತ್ರೆ. ಎರಡೂ ಕಡೆ ಸೇರಿ 1,300ಕ್ಕೂ ಹೆಚ್ಚು ಮಹಿಳೆಯರು ಸೇರಿದ್ದರು, ಅನುಸರಣೆಯ ಅವಧಿಯಲ್ಲಿ ಒಬ್ಬರಿಗೂ ಹೊಸ ಸೋಂಕು ಕಾಣಲಿಲ್ಲ.

ಇನ್ನು ಮಂಡಳಿ. 10ರಿಂದ 12 ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಇಬ್ಬರೇ ಮಾತಾಡುತ್ತಾರೆ. ಕಡಿಮೆಯಾದರೆ ಒಬ್ಬಿಬ್ಬರು ಊರು ಬಿಟ್ಟಾಗ ಸಭೆಯೇ ನಿಲ್ಲುತ್ತದೆ, ಏಕೆಂದರೆ ನಿಮ್ಮ ಭಾಗದವರು ಗೋವಾ, ಪುಣೆ, ಸಾಂಗ್ಲಿ ಕಡೆ ಹೋಗಿ ಬಂದು ಮಾಡುತ್ತಿರುತ್ತಾರೆ. ಅರ್ಧಕ್ಕಿಂತ ಹೆಚ್ಚು ಮಂದಿ ಲೈಂಗಿಕ ಕಾರ್ಯಕರ್ತೆಯರೇ ಇರಬೇಕು. ಅದರಲ್ಲೂ ಕನಿಷ್ಠ ಮೂವರು ಟಿಐ ಯೋಜನೆಯ (ಹೆಚ್ಚು ಅಪಾಯ ಇರುವವರಿಗೆ ಕಾಂಡೋಮ್, ಪರೀಕ್ಷೆ ಮುಟ್ಟಿಸುವ ಸರ್ಕಾರಿ ಎಚ್‌ಐವಿ ತಡೆ ಯೋಜನೆ) ಪಟ್ಟಿಯಲ್ಲಿ ಹೆಸರಿಲ್ಲದವರಾಗಿರಲಿ. ಎಲ್ಲರೂ ಎಡವುವುದು ಇಲ್ಲೇ. ಟಿಐ ಕಚೇರಿಗೆ ಫೋನ್ ಮಾಡಿ "ಹತ್ತು ಜನರನ್ನು ಕಳಿಸಿ" ಎಂದರೆ ಯೋಜನೆಗೇ ಕೆಲಸ ಮಾಡುವ ಸಮುದಾಯದ ಹೆಂಗಸರು, ಅಂದರೆ ಪೀರ್ ಎಜುಕೇಟರ್‌ಗಳೇ ಬರುತ್ತಾರೆ. ಕಾಂಡೋಮ್, ಪರೀಕ್ಷೆ, ಎಲ್ಲ ಅವರಿಗೆ ಬಾಯಿಪಾಠ. ಫೋನಿನಲ್ಲೇ ಗಿರಾಕಿ ಹುಡುಕುವ, ಬಸ್ ಸ್ಟ್ಯಾಂಡಿಗೂ ಡಿಐಸಿಗೂ (ಟಿಐನವರು ನಡೆಸುವ, ಹೆಂಗಸರು ಬಂದು ಕೂರುವ ಕೇಂದ್ರ) ಕಾಲಿಡದ ಹೆಂಗಸಿನ ಮಾತು ನಿಮಗೆ ಸಿಗುವುದೇ ಇಲ್ಲ. ಪ್ರೆಪ್ ಅಗತ್ಯ ಹೆಚ್ಚಿರುವುದು ಬಹುಶಃ ಅವಳಿಗೇ. ಉಳಿದ ಸ್ಥಾನಗಳಲ್ಲಿ ಎಚ್‌ಐವಿ ಜೊತೆ ಬದುಕುತ್ತಿರುವವರ ಜಿಲ್ಲಾ ನೆಟ್‌ವರ್ಕ್‌ನಿಂದ ಇಬ್ಬರು, ಲೈಂಗಿಕ ಅಲ್ಪಸಂಖ್ಯಾತರಿಂದ ಒಬ್ಬರು, ಒಬ್ಬ ಆಶಾ ಕಾರ್ಯಕರ್ತೆ. ಪೊಲೀಸ್, ವೈದ್ಯಾಧಿಕಾರಿ, ಡ್ಯಾಪ್ಕೂ (ಜಿಲ್ಲಾ ಏಡ್ಸ್ ನಿಯಂತ್ರಣ ಘಟಕ) ಅಧಿಕಾರಿ ಸದಸ್ಯರಾಗುವುದು ಬೇಡ. ಅವರ ಜೊತೆ ಬೇರೆ ದಿನ ಮಾತಾಡಿ. ಸಾಹೇಬರು ಕುರ್ಚಿಯಲ್ಲಿ ಕುಳಿತರೆ ಉಳಿದವರ ಬಾಯಿ ಕಟ್ಟುತ್ತದೆ.

ಸಭೆ ಎರಡು ಗಂಟೆಗಿಂತ ಉದ್ದ ಬೇಡ. ಬೆಳಿಗ್ಗೆ 11ರಿಂದ 1 ಒಳ್ಳೆಯ ಹೊತ್ತು, ಸಂಜೆ ಅವರ ಕೆಲಸದ ಸಮಯ. ಕ್ಯಾಲೆಂಡರ್‌ನಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಗುರುತು ಹಾಕಿಕೊಳ್ಳಿ. ಸವದತ್ತಿ ಎಲ್ಲಮ್ಮನ ಜಾತ್ರೆಯ ವಾರ ಸಭೆ ಕರೆದರೆ ಖಾಲಿ ಕೋಣೆ.

ಒಂದು ದಪ್ಪ ರಿಜಿಸ್ಟರ್ ಇಟ್ಟು ಮೂರು ಕಾಲಂ ಗೆರೆ ಹಾಕಿ: ಮಂಡಳಿ ಏನಂದಿತು, ನಾವೇನು ಮಾಡಿದೆವು, ಮಾಡದಿದ್ದರೆ ಏಕೆ. ಉದಾಹರಣೆಗೆ ಮೊದಲ ಕಾಲಂ: "ಪ್ರಶ್ನೆ 27, ನಿನ್ನೆ ಎಷ್ಟು ಗಿರಾಕಿ ಅಂತ ಕೇಳಬೇಡಿ. ನಿನ್ನೆ ಹಬ್ಬ ಇರಬಹುದು, ಮುಟ್ಟಾಗಿರಬಹುದು. ಹೋದ ವಾರ ಎಷ್ಟು ದಿನ ಕೆಲಸ ಮಾಡಿದಿರಿ, ಅಂಥ ಒಂದು ದಿನಕ್ಕೆ ಎಷ್ಟು ಅಂತ ಕೇಳಿ." ಎರಡನೆಯದು: "ಬದಲಿಸಿದೆವು, ಎರಡು ಪ್ರಶ್ನೆ ಮಾಡಿದೆವು." ಪ್ರತಿ ಸಭೆಯ ಶುರುವಿನಲ್ಲಿ ಹಿಂದಿನ ಪುಟವನ್ನು ಗಟ್ಟಿಯಾಗಿ ಓದಿ, ಓದು ಬಾರದವರೂ ಇರುತ್ತಾರೆ. ಎಥಿಕ್ಸ್ ಕಮಿಟಿಗೆ ಇದೇ ಪುಟಗಳ ಪ್ರತಿಯನ್ನು ಸದಸ್ಯರ ಹೆಸರು ಮುಚ್ಚಿ ಲಗತ್ತಿಸಿ. ಸಭೆಯ ಫೋಟೊಗಿಂತ ಇದಕ್ಕೆ ತೂಕ ಹೆಚ್ಚು. ಫೋಟೊ ತೆಗೆಯಲೇಬೇಡಿ.

ದುಡ್ಡು ಕೊಡಬೇಕು. ಅರ್ಧ ದಿನದ ಕೆಲಸ ಬಿಟ್ಟು ಬಂದವರಿಗೆ ಅಷ್ಟು ಕೂಲಿ, ಪ್ರಯಾಣ, ಊಟ. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಬಸ್ ಉಚಿತ ತಾನೇ ಎಂದು ಪ್ರಯಾಣದ ಸಾಲನ್ನು ಹೊಡೆದು ಹಾಕಬೇಡಿ. ಹಳ್ಳಿಯಿಂದ ಬಸ್ ನಿಲ್ಲುವ ಜಾಗದವರೆಗೆ ಟಂಟಂ ಇದೆ, ಗಂಡಸು ಸದಸ್ಯರಿಗೆ ಟಿಕೆಟ್ ಇದೆ. ಮೊತ್ತವನ್ನು ಬಜೆಟ್‌ನಲ್ಲಿ ತೋರಿಸಿ, ಬ್ಯಾಂಕ್ ಖಾತೆಗೆ ಹಾಕಿದರೆ ಆಡಿಟ್ ಸುಲಭ.

---

ಸಮ್ಮತಿ ಪತ್ರ ಉತ್ತರ:

ಎಥಿಕ್ಸ್ ಕಮಿಟಿಯ ಕಡೆಯಿಂದ ನಾವು ಏನನ್ನು ಹುಡುಕುತ್ತೇವೆ ಎಂದು ಹೇಳುತ್ತೇನೆ.

ನಿಮ್ಮದು ಔಷಧ ಕೊಡುವ ಟ್ರಯಲ್ ಅಲ್ಲ, ಹಾಗಾಗಿ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಟ್ರಯಲ್ ಭಾಗ ನಿಮಗೆ ಅನ್ವಯಿಸದು. ಅಲ್ಲಿ ದುರ್ಬಲ ಸ್ಥಿತಿಯವರ ಒಪ್ಪಿಗೆಯನ್ನು ವಿಡಿಯೊ ಮಾಡಬೇಕೆಂಬ ನಿಯಮವಿದ್ದರೂ ಎಚ್‌ಐವಿ ಔಷಧದ ಟ್ರಯಲ್‌ಗೆ ಬರೀ ಧ್ವನಿಮುದ್ರಣ ಸಾಕು ಎಂದಿದೆ. ಮುಖ ಬಯಲಾಗಬಾರದು ಎಂಬುದೇ ಕಾರಣ. ನಿಮಗೆ ಅನ್ವಯಿಸುವುದು ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಮತ್ತು ಎಚ್‌ಐವಿ-ಏಡ್ಸ್ ಕಾಯ್ದೆ 2017. ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ತಿಳಿದು ಕೊಟ್ಟ ಒಪ್ಪಿಗೆ ಇಲ್ಲದೆ ಪರೀಕ್ಷೆಯೂ ಇಲ್ಲ, ಸಂಶೋಧನೆಯೂ ಇಲ್ಲ. ಪರೀಕ್ಷೆಗೆ ಮುಂಚೆ, ಆಮೇಲೆ ಎರಡೂ ಸಲ ಆಪ್ತ ಸಮಾಲೋಚನೆ ಇರಬೇಕು. ದಾಖಲೆ ಇಟ್ಟುಕೊಳ್ಳುವ ಸಂಸ್ಥೆ ಅದನ್ನು ಕಾಪಾಡುವ ವ್ಯವಸ್ಥೆ ಮಾಡಲೇಬೇಕು. "ಲ್ಯಾಪ್‌ಟಾಪ್‌ಗೆ ಪಾಸ್‌ವರ್ಡ್ ಇದೆ" ಎಂದು ಬರೆದರೆ ನಾನು ಒಪ್ಪುವುದಿಲ್ಲ. ಕೋಡ್ ಸಂಖ್ಯೆಗೂ ಹೆಸರಿಗೂ ಕೊಂಡಿಯಾಗುವ ಪಟ್ಟಿ ಎಲ್ಲಿದೆ, ಕೀಲಿ ಯಾರ ಬಳಿ, ಯಾವ ತಿಂಗಳು ಅದನ್ನು ನಾಶ ಮಾಡುತ್ತೀರಿ, ಇದು ಬೇಕು.

ಒಪ್ಪಿಗೆ ಪತ್ರದ ಸಹಿಯೇ ಅಪಾಯ ಆಗಬಹುದು. ನಿಮ್ಮ 300 ಜನರ ಅಧ್ಯಯನದಲ್ಲಿ ಆ ಕೊಂಡಿ ಪಟ್ಟಿ ಬಿಟ್ಟರೆ ಹೆಸರು ಇರುವ ಕಾಗದ ಅದೊಂದೇ. ಆ ಫೈಲ್ ಯಾರ ಕೈಗಾದರೂ ಸಿಕ್ಕರೆ ಅದೇ ಪಟ್ಟಿಯಾಯಿತು. ಬಾಯಿಮಾತಿನ ಒಪ್ಪಿಗೆ ಪಡೆದು, ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯ ಸಹಿ ಹಾಕಿಸುತ್ತೇವೆ ಎಂದು ಕಾರಣ ಸಹಿತ ಕೇಳಿ. ಸಾಕ್ಷಿ ಯಾರಿರಬೇಕು ಎಂಬುದನ್ನು ಮಂಡಳಿಯೇ ಹೇಳಲಿ. ಮಂಡಳಿಯೇ ಇದನ್ನು ಬಯಸಿದೆ ಎಂದು ರಿಜಿಸ್ಟರ್ ಪುಟ ತೋರಿಸಿದರೆ ಕಮಿಟಿಗೆ ಒಪ್ಪುವುದು ಸುಲಭ. ಬೇಕಿದ್ದರೆ ಕಮಿಟಿ ನಿಮ್ಮ ಫೈಲ್ ನೋಡುವ ದಿನದ ಸಭೆಗೆ ಸಮುದಾಯದ ಒಬ್ಬರನ್ನು ವಿಶೇಷ ಆಹ್ವಾನಿತರಾಗಿ ಕರೆಯುವಂತೆಯೂ ಕೇಳಬಹುದು, ಮಾರ್ಗಸೂಚಿಯಲ್ಲಿ ಅದಕ್ಕೆ ಅವಕಾಶ ಇದೆ.

ಭಾಷೆ. ಅನುವಾದ ಏಜೆನ್ಸಿಯಿಂದ ಬರುವ ಕನ್ನಡ ನೋಡಿದರೆ ಸಂಕಟವಾಗುತ್ತದೆ. "ಯಾದೃಚ್ಛಿಕವಾಗಿ ಆಯ್ಕೆಗೊಳ್ಳುವಿರಿ" ಎಂದರೆ ಯಾರಿಗೆ ಅರ್ಥ? "ಚೀಟಿ ಎತ್ತಿದ ಹಾಗೆ, ಯಾರ ಹೆಸರು ಬರುತ್ತದೋ ಅವರು" ಎನ್ನಿ. "ಗೌಪ್ಯತೆ ಕಾಪಾಡಲಾಗುವುದು" ಎನ್ನುವ ಬದಲು "ನೀವು ಹೇಳಿದ್ದು ನಿಮ್ಮ ಮನೆಯವರಿಗೆ, ಪೊಲೀಸರಿಗೆ, ಟಿಐ ಕಚೇರಿಗೆ ಹೋಗುವುದಿಲ್ಲ" ಎಂದು ಯಾರ್ಯಾರಿಗೆ ಎಂಬುದನ್ನು ಹೇಳಿ. "ಪ್ರಯೋಗ" ಎಂಬ ಪದ ಬೇಡ, ನಿಮ್ಮದರಲ್ಲಿ ಪ್ರಯೋಗ ಇಲ್ಲವೇ ಇಲ್ಲ. ಪತ್ರ ಎರಡು ಪುಟ ಮೀರದಿರಲಿ. ಓದಿ ಹೇಳಿದ ಮೇಲೆ ಮೂರು ಪ್ರಶ್ನೆ ಕೇಳಿ: ಬೇಡ ಅಂದರೆ ನಿಮಗೇನಾಗುತ್ತದೆ? ನಡುವೆ ಎದ್ದು ಹೋಗಬಹುದಾ? ಇಲ್ಲಿ ನಿಮಗೆ ಮಾತ್ರೆ ಸಿಗುತ್ತದಾ? ಮೂರನೆಯದಕ್ಕೆ "ಹೌದು" ಎಂದರೆ ಮತ್ತೆ ಮೊದಲಿಂದ ಹೇಳಬೇಕು. ನಿಮ್ಮ ವಿಷಯದಲ್ಲಿ ಆಗುವ ದೊಡ್ಡ ತಪ್ಪು ತಿಳಿವಳಿಕೆ ಇದೇ.

ಪೀರ್ ಎಜುಕೇಟರ್ ಒಪ್ಪಿಗೆ ಪಡೆಯಬಾರದು. ಕಾಂಡೋಮ್ ತರುವವಳು, ಆಸ್ಪತ್ರೆಗೆ ಜೊತೆ ಬರುವವಳು ಅವಳೇ. ಅವಳಿಗೆ ಬೇಡ ಎನ್ನುವುದು ಹೇಗೆ? ಅವಳು ಸುದ್ದಿ ಮುಟ್ಟಿಸಲಿ, ಒಪ್ಪಿಗೆ ಬೇರೆಯವರು ಪಡೆಯಲಿ. ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂಬುದು ಟಿಐಗೆ ವಾಪಸ್ ಹೋಗಬಾರದು.

18ರ ಕೆಳಗಿನವರ ವಿಚಾರದಲ್ಲಿ ತುಂಬ ಎಚ್ಚರ ಬೇಕು. ಪೋಕ್ಸೊ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ಗೊತ್ತಾದ ಮೇಲೆ ತಿಳಿಸುವುದು ಕಡ್ಡಾಯ. "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಟ್ಟು ಆಮೇಲೆ ಹೇಳಬೇಕಾಗಿ ಬಂದರೆ ಅದು ದ್ರೋಹ. ಹುಟ್ಟಿದ ವರ್ಷವನ್ನು ಮೊಟ್ಟಮೊದಲು, ಕೆಲಸದ ಬಗ್ಗೆ ಒಂದು ಮಾತೂ ಕೇಳುವ ಮುಂಚೆ ಕೇಳಿ. ಗೋಪ್ಯದ ಮಾತಿಗೆ ಇರುವ ಈ ಮಿತಿಯನ್ನು ಪತ್ರದಲ್ಲೇ ಬರೆಯಿರಿ. ಮಕ್ಕಳ ಸಹಾಯವಾಣಿ 1098 ಮತ್ತು ಮಕ್ಕಳ ಕಲ್ಯಾಣ ಸಮಿತಿಯನ್ನು ಸಂಪರ್ಕಿಸುವುದು ಹೇಗೆ ಎಂದು ತಂಡಕ್ಕೆ ಮೊದಲೇ ತರಬೇತಿ ಕೊಡಿ. ಸಹಾಯ ಬೇಕಾದ ಮಗುವನ್ನು "ನೀನು ಅರ್ಹಳಲ್ಲ" ಎಂದು ಸುಮ್ಮನೆ ಕಳಿಸಿಬಿಡುವಂತಿಲ್ಲ.

---

ಘಟಪ್ರಭಾ ಉತ್ತರ:

ಡಾಕ್ಟ್ರೇ, ಮ್ಯಾಲಿನ ಇಬ್ರೂ ಹೇಳಿದ್ದು ಖರೇ ಐತ್ರಿ. ಒಂದಕ್ಕ ಮಾತ್ರ ನಂದು ತಕರಾರು ಐತಿ. ಗೌರವಧನ ಬ್ಯಾಂಕಿಗೆ ಹಾಕಬ್ಯಾಡ್ರಿ. ಪಾಸ್‌ಬುಕ್ಕಿನ್ಯಾಗ ಹಾಕಿದ ಸಂಸ್ಥೆ ಹೆಸರು ಬೀಳತೈತಿ. ಅದರಾಗ ಏಡ್ಸ್ ಅಂತಿದ್ರ ಮುಗೀತು, ಪಾಸ್‌ಬುಕ್ ಮಗನ ಕೈಯಾಗ ಇರತೈತಿ. ಫೋನ್‌ಪೇದಾಗೂ ಹಂಗ. ಕೋಡ್ ನಂಬರಿನ ವೋಚರ್ ಮಾಡಿ ರೊಕ್ಕ ಕೈಯಾಗ ಕೊಡ್ರಿ. ಲೆಕ್ಕಪತ್ರ ವಿಭಾಗದವರ ಕಡೆ "ಹೆಸರಿಲ್ಲದ ವೋಚರ್ ನಡೀತೈತಿ" ಅಂತ ಮೊದಲ ಬರೆಸಿಕೊಳ್ರಿ. ಕಡೀಕ ಕೇಳಿದ್ರ ಅವರು ಆಧಾರ್ ಝೆರಾಕ್ಸ್ ತಾ ಅಂತಾರ.

ಚೀಟಿ ಕೊಟ್ಟು ಒಬ್ಬರ ಮ್ಯಾಲ ಒಬ್ಬರನ್ನ ಕರೆಸೋ ಪದ್ಧತಿ ಮಾಡ್ತೀರಿ ಅಂದ್ರ, ಒಬ್ಬೊಬ್ಬರಿಗೆ ಮೂರ ಚೀಟಿ ಕೊಡ್ರಿ. ಚೀಟಿ ಮ್ಯಾಲ ಎಚ್‌ಐವಿ ಅಂತ ಇರಬಾರದು, "ಮಹಿಳಾ ಆರೋಗ್ಯ ಸಮೀಕ್ಷೆ" ಅಂತ ಇರಲಿ. ಕರಕೊಂಡು ಬಂದವರಿಗೆ ರೊಕ್ಕ ಜಾಸ್ತಿ ಇಟ್ರ ಚೀಟಿ ಮಾರಾಟಕ್ಕ ಬೀಳತಾವ, ಮನಿ ನಡೆಸೋ ಮಾಲಕಿ ಎಲ್ಲಾ ಚೀಟಿ ಕೂಡಿಸಿ ತನ್ನ ಹುಡುಗ್ಯಾರನ್ನ ಸಾಲಾಗಿ ಕಳಸ್ತಾಳ. ಒಂದ ದಿನ ಒಂದ ಓಣಿಯಿಂದ ಐದಾರು ಮಂದಿ ಬಂದ್ರ ಅಲ್ಲೇ ನಿಲ್ಲಿಸಿ ಮಂಡಳಿಯವರನ್ನ ಕೇಳ್ರಿ. ಯಾಕ ಹಂಗಾತು ಅಂತ ಅವರಿಗೆ ಗೊತ್ತಾಗತೈತಿ.

ಹಾಟ್‌ಸ್ಪಾಟ್ ಅಂದ್ರ ಗಿರಾಕಿ ಸಿಗೋ ಜಾಗದ ನಕ್ಷೆ ಮಂಡಳಿ ಜೋಡಿ ಕುಂತು ಹಾಳಿ ಮ್ಯಾಲ ಬರೀರಿ. ಕೆಲಸ ಮುಗಿದ ಮ್ಯಾಲ ಹಾಳಿ ಅವರ ಹತ್ರನ ಇರಲಿ. ಫೋನಿನ್ಯಾಗ ಲೊಕೇಶನ್ ಹಾಕಿ ಗ್ರೂಪಿಗೆ ಬಿಡೋದು ಮಾಡಲೇಬ್ಯಾಡ್ರಿ. "ಬಸ್ ಸ್ಟ್ಯಾಂಡ್ ಹಿಂದಿನ ಲಾಡ್ಜ್" ಅಂತ ವರದಿಯೊಳಗ ಬಂದ್ರ ವಾರದಾಗ ರೇಡ್ ಆಗತೈತಿ, ಹೆಂಗಸರು ಬ್ಯಾರೆ ಕತ್ತಲ ಜಾಗಕ್ಕ ಹೋಗ್ತಾರ. ಅಲ್ಲಿ ಕಾಂಡೋಮ್ ಮುಟ್ಟಂಗಿಲ್ಲ.

ರಕ್ತದ ಮಾತು. "ರಕ್ತ ತಗೊಂಡು ಮಾರ್ತಾರ" ಅನ್ನೋ ಸುದ್ದಿ ಎದ್ದಾ ಏಳತೈತಿ. ನೀವು ಬೆರಳು ಚುಚ್ಚೋದು ಎರಡ್ಮೂರು ಹನಿ, ಅದನ್ನ ಮೊದಲ ಸಭೆಯಾಗ ಮಂಡಳಿಯವರ ಎದುರಿಗೆ ಮಾಡಿ ತೋರಸ್ರಿ, ಬೇಕಂದ್ರ ನಿಮ್ಮ ಬೆರಳ ಚುಚ್ಚಿಕೊಳ್ರಿ. ಮುಂದ ನರದಿಂದ 5 ಎಂಎಲ್ ತಗೊಳ್ಳೋ ಕೆಲಸ ಬಂದ್ರ ಒಂದು ಚಹಾ ಚಮಚ ನೀರು ಟ್ಯೂಬಿಗೆ ಸುರಿದು ತೋರಸ್ರಿ, ಅಷ್ಟ ಅದು. ಫಲಿತಾಂಶ ಅವತ್ತ ಹೇಳಬೇಕು, ಹೇಳೋ ಕೋಣಿ ಬ್ಯಾರೆ ಇರಬೇಕು. ಪಾಸಿಟಿವ್ ಬಂದವರನ್ನ ಅಷ್ಟ ಒಳಗ ಹೆಚ್ಚು ಹೊತ್ತು ಕುಂದ್ರಿಸಿದ್ರ ಹೊರಗ ಕುಂತವರು ಗಡಿಯಾರ ನೋಡಿನ ತಿಳಕೋತಾರ. ಎಲ್ಲಾರನ್ನೂ ಒಂದ ಸಮ 20 ನಿಮಿಷ ಕುಂದ್ರಸ್ರಿ. ನಿಮ್ಮದು ಒಂದ ಕಿಟ್, ಐಸಿಟಿಸಿ ಅಂದ್ರ ಸರ್ಕಾರಿ ಎಚ್‌ಐವಿ ಪರೀಕ್ಷಾ ಕೇಂದ್ರದೊಳಗ ಬ್ಯಾರೆ ಬ್ಯಾರೆ ಮೂರು ಕಿಟ್ ಹಾಕಿ ಖಾತ್ರಿ ಮಾಡ್ತಾರ. ಅಲ್ಲೀ ಮಟ ಯಾರು ಜೋಡಿ ಹೋಗ್ತಾರ ಅನ್ನೋದನ್ನ ಆಕಿನ ಆರಿಸಲಿ.

ಪ್ರೆಪ್ ಬಗ್ಗೆ ನಿಮ್ಮ ಪ್ರಶ್ನಾವಳಿಯೊಳಗ ಬಾಟ್ಲಿ ಬಗ್ಗೆ ಕೇಳ್ರಿ. 30 ಗುಳಿಗಿ ಬಾಟ್ಲಿ ನೋಡಾಕ ಸೋಂಕು ಇದ್ದವರು ತಿನ್ನೋ ಎಆರ್‌ಟಿ ಬಾಟ್ಲಿ ಇದ್ದಂಗ ಇರತೈತಿ. ಒಳಗಿನ ಟೆನೊಫೊವಿರ್ ಎರಡಕ್ಕೂ ಒಂದ. ಸೋಂಕು ಬರಬಾರದು ಅಂತ ತಿನ್ನಾಕಿಗೆ ಸೋಂಕು ಐತಿ ಅಂತ ಹೆಸರು ಬರತೈತಿ. "ಮಾತ್ರೆ ಒಪ್ತೀರಾ, ಹೌದು ಅಥವಾ ಇಲ್ಲ" ಅಂತ ಕೇಳಿದ್ರ ಇದ್ಯಾವುದೂ ಹೊರಗ ಬರಂಗಿಲ್ಲ. ಎಲ್ಲಿ ಇಡ್ತೀರಿ, ಯಾರು ನೋಡ್ತಾರ, ಅಲುಗಾಡಿಸಿದ್ರ ಸಪ್ಪಳ ಆಗತೈತಿ ಏನು ಮಾಡ್ತೀರಿ, ಹಿಂಗ ಕೇಳ್ರಿ. ಬ್ಯಾರೆ ಡಬ್ಬಿಗೆ ಹಾಕ್ತೀನಿ ಅಂದ್ರ ಒಂದು ಮಾತು ಹೇಳ್ರಿ: ತೇವ ಹೀರೋ ಪುಡಿ ಇರೋದು ಮೂಲ ಬಾಟ್ಲಿಯೊಳಗ, ಅದಕ ಬ್ಯಾರೆ ಡಬ್ಬಿಗೆ ಎರಡ್ಮೂರು ದಿನದ್ದಷ್ಟ ತಗೋಬೇಕು.

---

ಬಿಸಿಲನಾಡು ಮತ್ತೆ:

ಮೂವರಿಗೂ ಕೈಮುಗಿದೆ. ಬಾಟಲಿಯ ವಿಷಯ ನಮ್ಮ ಪ್ರಶ್ನಾವಳಿಯಲ್ಲಿ ಒಂದು ಸಾಲೂ ಇರಲಿಲ್ಲ. ಇನ್ನೆರಡು ಸಂಶಯ. ಆರು ವಾರದಲ್ಲಿ ಇದೆಲ್ಲ ಆಗುತ್ತದಾ? ಮತ್ತು ಮಂಡಳಿಯವರು "ಈ ಅಧ್ಯಯನವೇ ಬೇಡ" ಎಂದರೆ?

---

ಫೀಲ್ಡ್ ಡೈರಿ ಉತ್ತರ:

ಬ್ಯಾಂಕ್ ಖಾತೆ ವಿಷಯದಲ್ಲಿ ಘಟಪ್ರಭಾ ಅಕ್ಕ ಹೇಳಿದ್ದೇ ಸರಿ, ನನ್ನ ಸಲಹೆ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಆರು ವಾರ ಸಾಲುತ್ತದೆ, ಆದರೆ ಬಿಗಿಯಾಗುತ್ತದೆ. ಮೊದಲ ಎರಡು ವಾರ ಸಭೆ ಬೇಡ, ಸುಮ್ಮನೆ ಭೇಟಿ. ಸಂಘದವರನ್ನು, ನೆಟ್‌ವರ್ಕ್‌ನವರನ್ನು, ಟಿಐಗೆ ಬಾರದ ನಾಲ್ಕಾರು ಹೆಂಗಸರನ್ನು ಅವರು ಹೇಳಿದ ಜಾಗದಲ್ಲೇ ಕಂಡು ಮಾತಾಡಿ. ಮೂರನೇ ವಾರ ಮೊದಲ ಸಭೆ, ಅದರಲ್ಲಿ ವಿಷಯ ಮತ್ತು ರಕ್ತದ ಮಾತು ಮಾತ್ರ. ನಾಲ್ಕನೇ ವಾರ ಪ್ರಶ್ನಾವಳಿಯನ್ನು ಸಾಲು ಸಾಲಾಗಿ ಓದಿ, ಒಂದೇ ಸಭೆಯಲ್ಲಿ ಮುಗಿಯದು, ಎರಡು ಇಟ್ಟುಕೊಳ್ಳಿ. ಐದನೇ ವಾರ ಒಪ್ಪಿಗೆ ಪತ್ರ. ಐದಾರು ಜನರಿಗೆ ಓದಿ ಹೇಳಿ, ಅವರು ತಮ್ಮ ಮಾತಿನಲ್ಲಿ ತಿರುಗಿ ಹೇಳಲಿ. ಆರನೇ ವಾರ ರಿಜಿಸ್ಟರ್ ಪ್ರತಿಯ ಜೊತೆ ಕಮಿಟಿಗೆ. ತಡವಾದರೆ ಇನ್ನೊಂದು ತಿಂಗಳು ಕೇಳಿ, ಓದುವ ಸಭೆಗಳನ್ನು ಮಾತ್ರ ಬಿಡಬೇಡಿ.

"ಬೇಡ" ಎಂದರೆ ಯಾವುದು ಬೇಡ ಎಂದು ಕೇಳಿ. ನಿಮ್ಮ ಎರಡು ಜಿಲ್ಲೆಗಳಲ್ಲಿ ಈಗಾಗಲೇ ಬೇಕಾದಷ್ಟು ಅಧ್ಯಯನ ನಡೆದಿವೆ. ಮತ್ತೆ ಮತ್ತೆ ಅದೇ ಪ್ರಶ್ನೆಗೆ ಉತ್ತರ ಹೇಳಿ ಬೇಸತ್ತಿರುತ್ತಾರೆ. ಪರೀಕ್ಷೆ ಬೇಡ, ಸಂದರ್ಶನ ಸರಿ ಎನ್ನಬಹುದು. ಆಗ ಪರೀಕ್ಷೆ ಬಿಡಿ, ನಿಮ್ಮ ಪ್ರಶ್ನೆಗೆ ಅದು ಅನಿವಾರ್ಯವೂ ಅಲ್ಲ. ಪೂರ್ತಿ ಬೇಡ ಎಂದರೆ ಆ ಜಾಗದಲ್ಲಿ ಮಾಡಬಾರದು, ಕಮಿಟಿಗೆ ಹಾಗೆಯೇ ಬರೆದು ಕೊಡಬೇಕು. ಅಷ್ಟಕ್ಕೆ ತಯಾರಿಲ್ಲದಿದ್ದರೆ ಮಂಡಳಿ ಕರೆಯಬೇಡಿ.

---

ಘಟಪ್ರಭಾ ಉತ್ತರ:

ಇನ್ನೊಂದು ಉಳೀತು. ಮುಗಿದ ಮ್ಯಾಲ ಏನು ಸಿಕ್ಕಿತು ಅಂತ ಬಂದು ಹೇಳೋ ದಿನ, ಅದರ ರೊಕ್ಕ, ಎರಡೂ ಈಗ ಬಜೆಟ್‌ನ್ಯಾಗ ಬರೀರಿ, ಇಲ್ಲಂದ್ರ ಆಗಂಗಿಲ್ಲ. ಸಂಶೋಧನಾ ಪತ್ರಿಕೆಗೆ ಕಳಿಸೂ ಮೊದಲ ಒಂದು ತಿಂಗಳು ಮಂಡಳಿಗೆ ಓದಿ ಹೇಳ್ರಿ. ಅಂಕಿ ಬದಲಿಸೂ ಅಧಿಕಾರ ಅವರಿಗೆ ಇಲ್ಲ. ಆದ್ರ ಇದನ್ನ ಓದಿದ್ರ ಇಂಥಾಕಿ ಅಂತ ಗುರುತ ಸಿಗತೈತಿ ಅಂತ ಅವರು ಅಂದ್ರ ಆ ಸಾಲು ತಗೀಬೇಕು. ತಾಲೂಕುವಾರು ಕೋಷ್ಟಕದಾಗ ಐದಕ್ಕಿಂತ ಕಡಿಮಿ ಅಂಕಿ ಇದ್ರ ಅಚ್ಚು ಹಾಕಬ್ಯಾಡ್ರಿ, ಎರಡು ತಾಲೂಕು ಕೂಡಿಸ್ರಿ.

ಅಂದುಕೊಂಡಂಗ ಫಲಿತಾಂಶ ಬರಲಿಲ್ಲ ಅಂದ್ರೂ ಬಂದು ಹೇಳ್ರಿ. ಇದ ವಿಜಯಪುರ, ಬಾಗಲಕೋಟಿ ಹಳ್ಳಿಗಳೊಳಗ ಪರಿಶಿಷ್ಟ ಜಾತಿ, ಪಂಗಡದ ಹುಡುಗ್ಯಾರ ಶಾಲಿ ಬಗ್ಗೆ ಸಮತಾ ಅಂತ ದೊಡ್ಡ ಅಧ್ಯಯನ ಆತು, 2014ರಿಂದ 2017ರ ಮಟ. ಹೈಸ್ಕೂಲ್ ಮುಗಿಸೋದರಾಗ ಒಟ್ಟಾರೆ ಫರಕು ಕಾಣಲಿಲ್ಲ ಅಂತನ ಅವರು ಪ್ರಕಟ ಮಾಡಿದ್ರು. ನೀವೂ ಹಂಗ ಬಿಚ್ಚಿ ಹೇಳ್ರಿ. ಹೇಳಾಕ ಬರೋ ದಿನ ಮಂಡಳಿಯ 12 ಮಂದಿ ಅಷ್ಟ ಅಲ್ಲ, ಆ 300 ಮಂದಿಯೊಳಗ ಬರಬೇಕು ಅನ್ನಿಸಿದವರಿಗೆಲ್ಲ ಜಾಗ ಇರಬೇಕು. ಅದಕ ಡಿಐಸಿ ಸಣ್ಣದಾಗತೈತಿ, ಸಮುದಾಯ ಭವನ ಹಿಡೀರಿ. ಹೊರಗ ಬ್ಯಾನರ್ ಕಟ್ಟಬ್ಯಾಡ್ರಿ.